ಗುಬ್ಬಿ ವೀರಣ್ಣ: ಲಾಭ-ನಷ್ಟಗಳ ನಡುವೆ ಯಜಮಾನನ ಧರ್ಮ

ತುಮಕೂರು ಜಿಲ್ಲೆಯ ಗುಬ್ಬಿ ಪಟ್ಟಣ ನಾಡಿಗೆ ಇಬ್ಬರು ಹೆಸರಾಂತ ಉದ್ಯಮಿಗಳನ್ನು ಕೊಟ್ಟಿದೆ. ಒಬ್ಬರು, ವ್ಯಾಪಾರದಲ್ಲಿ ಗಳಿಸಿದ್ದನ್ನೆಲ್ಲ ಧರ್ಮಕ್ಕೆ ಬರೆದಿಟ್ಟ ಗುಬ್ಬಿ ತೋಟದಪ್ಪ (1838-1910). ಇನ್ನೊಬ್ಬರು, ನಾಟಕರತ್ನ ಗುಬ್ಬಿ ವೀರಣ್ಣ (1891-1972). ವೀರಣ್ಣನವರನ್ನು ನಾಡು ನಟನೆಂದೇ ನೆನೆಯುತ್ತದೆ. ಅವರು ದಶಕಗಳ ಕಾಲ ನೂರಾರು ಜನರ ಅನ್ನದ ಹೊಣೆ ಹೊತ್ತ ಮಾಲೀಕರೂ ಆಗಿದ್ದರೆಂಬುದು ಹೆಚ್ಚಾಗಿ ಚರ್ಚೆಗೆ ಬರುವುದಿಲ್ಲ. ವ್ಯವಹಾರದಲ್ಲಿ ನೀತಿಯ ಸ್ಥಾನವೇನು ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಹಲವು ಉತ್ತರಗಳಿವೆ.

ಮೂಡಲಪಾಯದ ಮದ್ದಳೆಯ ಸದ್ದು ತುಮಕೂರು, ಕುಣಿಗಲ್, ಗುಬ್ಬಿ ಸೀಮೆಗೆ ಹೊಸತೇನಲ್ಲ. ಅಂಥ ನೆಲದಲ್ಲಿ 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರು ಕೂಡಿ ನಾಟಕ ಸಂಘವೊಂದನ್ನು ಕಟ್ಟಿದರು. ಊರ ದೈವ ಚನ್ನಬಸವೇಶ್ವರನ ಹೆಸರನ್ನೇ ಅದಕ್ಕಿಟ್ಟರು. ಬಾಲನಟನಾಗಿ ಸೇರಿದ ವೀರಣ್ಣ ಅಲ್ಲಿಯೇ ಬೆಳೆದು ಹಾಸ್ಯನಟನೆಂದು ಹೆಸರಾದರು. 'ಸದಾರಮೆ'ಯ ಕಳ್ಳನ ಪಾತ್ರ ಅವರ ಹೆಸರಿನೊಂದಿಗೇ ಬೆಸೆದುಕೊಂಡಿತು. 1917ರಲ್ಲಿ ಕಂಪನಿಯ ಒಡೆತನ ಅವರ ಕೈಗೆ ಬಂದಿತು.

ನಿತ್ಯದ ಲೆಕ್ಕ

ನಾಟಕ ಕಂಪನಿಯ ಆರ್ಥಿಕತೆ ವಿಚಿತ್ರವಾದುದು. ಆದಾಯ ಆಯಾ ರಾತ್ರಿಯ ಕಲೆಕ್ಷನ್ನಿನದು. ಖರ್ಚು ಮಾತ್ರ ನಿರಂತರ. ಮಳೆ ಬಂದು ಆಟ ನಿಂತರೂ, ಮೊಕ್ಕಾಂ ಮಾಡಿದ ಊರಿನಲ್ಲಿ ಜನ ಬಾರದಿದ್ದರೂ ನಟರು, ವಾದ್ಯದವರು, ಪರದೆ ಎಳೆಯುವವರು, ಅಡುಗೆಯವರು, ಅವರ ಹೆಂಡಿರು ಮಕ್ಕಳು ಉಣ್ಣಲೇಬೇಕು. ಇಂಥ ಉದ್ಯಮದಲ್ಲಿ ಮಾಲೀಕನ ಮುಂದೆ ಪ್ರತಿದಿನವೂ ಒಂದು ಆಯ್ಕೆ ಇರುತ್ತದೆ: ಜನರನ್ನು ಕಡಿಮೆ ಮಾಡಿ ಹಣ ಉಳಿಸುವುದೋ, ಇಲ್ಲವೇ ಸಾಲ ಮಾಡಿಯಾದರೂ ಜನರನ್ನು ಉಳಿಸಿಕೊಳ್ಳುವುದೋ?

ಕಂಪನಿಯನ್ನು ಹಿಗ್ಗಿಸುವ ದಾರಿಯನ್ನೇ ವೀರಣ್ಣ ಹಿಡಿದರು. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ, ರಂಗಕ್ಕೆ ಬಂದ ಹೆಣ್ಣನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ನಟಿಯರಿಗೆ ಮುಖ್ಯಪಾತ್ರಗಳನ್ನು ಕೊಟ್ಟರು. ಅವರ ಪತ್ನಿಯೂ ಆದ ಬಿ. ಜಯಮ್ಮ ಕಂಪನಿಯ ಪ್ರಮುಖ ಆಕರ್ಷಣೆಯಾದರು. ಇದರಲ್ಲಿ ವ್ಯಾಪಾರದ ಜಾಣ್ಮೆಯೂ ಇತ್ತು ಎಂಬುದು ನಿಜ. ಆದರೆ ಹೆಣ್ಣುಮಕ್ಕಳಿಗೆ ಗೌರವದ ದುಡಿಮೆಯೊಂದು ದಕ್ಕಿತೆಂಬುದೂ ಅಷ್ಟೇ ನಿಜ.

1934ರಲ್ಲಿ ಅವರು 'ಕುರುಕ್ಷೇತ್ರ'ವನ್ನು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಪ್ರದರ್ಶಿಸಿದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದೂ ಅದೇ ವರ್ಷ. ಸಿನಿಮಾದ ಪೈಪೋಟಿ ಬಾಗಿಲಿಗೆ ಬಂದಿದ್ದಾಗ ರಂಗಭೂಮಿಯ ಮೇಲೆಯೇ ಇಷ್ಟೊಂದು ಹಣ ಸುರಿದದ್ದು ದೊಡ್ಡ ಸಾಹಸ. ಅದು ಸೋತಿದ್ದರೆ ಬೀದಿಗೆ ಬೀಳುತ್ತಿದ್ದುದು ಮಾಲೀಕನೊಬ್ಬನೇ ಅಲ್ಲ. ಹಾಗೆಂದು ಅವರು ಸಿನಿಮಾವನ್ನು ದೂರವಿಡಲೂ ಇಲ್ಲ. ಮೂಕಿಚಿತ್ರಗಳ ಕಾಲದಿಂದಲೇ ನಿರ್ಮಾಣದಲ್ಲಿ ತೊಡಗಿದ್ದ ಅವರು 'ಸದಾರಮೆ', 'ಹೇಮರೆಡ್ಡಿ ಮಲ್ಲಮ್ಮ' ಮುಂತಾದ ಚಿತ್ರಗಳನ್ನು ತೆರೆಗೆ ತಂದರು. ಹೊಸ ಮಾಧ್ಯಮದಲ್ಲಿಯೂ ಹಳೆಯ ಕಲಾವಿದರಿಗೆ ಜಾಗ ದೊರೆಯಿತು. ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್, 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆಗಿ ನಾಯಕಪಟ್ಟವೇರಿದ್ದು ವೀರಣ್ಣನವರ ಸಂಸ್ಥೆಯ ಮೂಲಕವೇ.

ಲೆಕ್ಕಪುಸ್ತಕಕ್ಕೆ ಸಿಗದ ಖರ್ಚು

ಅವರ ನಿರ್ಧಾರಗಳಲ್ಲಿ ಅತಿ ಮುಖ್ಯವಾದುದು ಬಿ.ವಿ. ಕಾರಂತರಿಗೆ ಸಂಬಂಧಿಸಿದ್ದು. ದಕ್ಷಿಣ ಕನ್ನಡದ ಮಂಚಿಯಿಂದ ಮನೆಬಿಟ್ಟು ಬಂದ ಹುಡುಗ ಕಂಪನಿ ಸೇರಿದ. ಆತನ ಪ್ರತಿಭೆಯನ್ನು ಗುರುತಿಸಿದ ವೀರಣ್ಣ ಅವನನ್ನು ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಸ್ನಾತಕೋತ್ತರ ಪದವಿಯ ಜತೆಗೆ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವೂ ದಕ್ಕಿತು. ಓದಿ ದೊಡ್ಡವನಾದ ನೌಕರ ಹಿಂದಿರುಗಿ ಬಂದು ಕಂಪನಿಯಲ್ಲೇ ದುಡಿಯುತ್ತಾನೆಂಬ ಖಾತ್ರಿ ಯಾವ ಯಜಮಾನನಿಗೂ ಇರುವುದಿಲ್ಲ. ಕಾರಂತರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನ ರಂಗಾಯಣವನ್ನು ಕಟ್ಟಿದರು. ಅಂದು ಮಾಡಿದ ಖರ್ಚಿನ ಲಾಭ ಕಂಪನಿಯ ಪೆಟ್ಟಿಗೆಗೆ ಬರಲಿಲ್ಲ. ಇಡೀ ಭಾರತೀಯ ರಂಗಭೂಮಿಗೆ ಸಂದಿತು.

ಇಷ್ಟಾದರೂ ಈ ಮಾದರಿಗೆ ಒಂದು ಮಿತಿ ಇತ್ತು. ಕಂಪನಿಯ ನ್ಯಾಯನೀತಿ ಯಜಮಾನನ ಮನಸ್ಸಿನಲ್ಲಿತ್ತೇ ಹೊರತು ನಿಯಮಗಳಲ್ಲಿ ಅಲ್ಲ. ಕಲಾವಿದನ ಯೋಗಕ್ಷೇಮಕ್ಕೆ ಯಜಮಾನನ ಔದಾರ್ಯವೇ ಆಧಾರ. ಇದೇ ಊರಿನ ತೋಟದಪ್ಪನವರು ತಮ್ಮ ಆಸ್ತಿಯನ್ನು ಟ್ರಸ್ಟಿಗೆ ವಹಿಸಿದ್ದರಿಂದ, ಬೆಂಗಳೂರಿನ ರೈಲು ನಿಲ್ದಾಣದ ಬಳಿ ಅವರು ಕಟ್ಟಿಸಿದ ಛತ್ರ ಅವರು ತೀರಿಕೊಂಡು ನೂರು ವರ್ಷ ಕಳೆದ ಮೇಲೂ ಅವರ ಹೆಸರನ್ನು ಉಳಿಸಿದೆ. ಗುಬ್ಬಿ ಕಂಪನಿಯ ಹಳೆಯ ವೈಭವ ಮಾತ್ರ ವೀರಣ್ಣನವರ ನಂತರ ಉಳಿಯಲಿಲ್ಲ. ಒಳ್ಳೆಯ ಮಾಲೀಕನಿರುವುದು ಭಾಗ್ಯ. ಒಳ್ಳೆಯತನವನ್ನು ಸಂಸ್ಥೆಯ ಕಟ್ಟಳೆಯಾಗಿಸುವುದು ಅದಕ್ಕಿಂತ ಕಷ್ಟದ ಕೆಲಸ. ಇಂದಿನ ಕುಟುಂಬ ಉದ್ಯಮಗಳಿಗೂ ಈ ಮಾತು ಅನ್ವಯಿಸುತ್ತದೆ.

ಪದ್ಮಶ್ರೀ ಗೌರವ ಬಂದ 1972ರಲ್ಲಿಯೇ, ಅಕ್ಟೋಬರ್ 18ರಂದು, ವೀರಣ್ಣನವರು ಕಣ್ಮುಚ್ಚಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಕಲೆಯೇ ಕಾಯಕ'. ತುಮಕೂರಿನ ಕಲಾಕ್ಷೇತ್ರ ಅವರ ಹೆಸರನ್ನು ಹೊತ್ತಿದೆ. ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ರಂಗಭೂಮಿಯ ಸಾಧಕರಿಗೆ ಪ್ರಶಸ್ತಿ ನೀಡುತ್ತದೆ. ಮೊಮ್ಮಗಳು ಬಿ. ಜಯಶ್ರೀ ರಂಗದ ನಂಟನ್ನು ಮುಂದುವರಿಸಿ 2013ರಲ್ಲಿ ತಾವೂ ಪದ್ಮಶ್ರೀ ಪಡೆದರು. ಕಾಯಕದ ಫಲ ದಾಸೋಹಕ್ಕೆ ಸಲ್ಲಬೇಕೆಂಬುದು ಶರಣರ ನಾಡಿನ ಹಳೆಯ ನಂಬಿಕೆ. ವೀರಣ್ಣನವರ ದಾಸೋಹ ನಡೆದದ್ದು ಅವರು ಬೆಳೆಸಿ ನಾಡಿಗೆ ಬಿಟ್ಟುಕೊಟ್ಟ ಮನುಷ್ಯರ ರೂಪದಲ್ಲಿ.