ರಾಬರ್ಟ್ ಕಾಕ್ ಮತ್ತು ಕ್ಷಯದ ಅವಳಿ ರೋಗಾಣುಗಳು

ಯಲಹಂಕ, ಹೆಬ್ಬಾಳದ ಕಡೆಯಿಂದ ಮೆಜೆಸ್ಟಿಕ್‌ಗೆ ಹೋಗುವಾಗ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೀವು ನೋಡಿರಬಹುದು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದ ಸಂಸ್ಥೆ ಅದು. ಅಲ್ಲಿ ನಡೆಯುವ ಕೆಲಸಕ್ಕೆ ತಳಹದಿ ಹಾಕಿದವರು ಜರ್ಮನಿಯ ವೈದ್ಯ ರಾಬರ್ಟ್ ಕಾಕ್. ಅವರ ಶೋಧವನ್ನು ನೀವು ಪಾಠದಲ್ಲಿ ಓದಿದ್ದೀರಿ. ಅವರು ಮಾಡಿದ ತಪ್ಪು ಪಾಠದಲ್ಲಿ ಬರುವುದಿಲ್ಲ.

ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಕ್ಲೌಸ್ತಾಲ್ ಎಂಬ ಗಣಿ ಊರಿನಲ್ಲಿ. ವೈದ್ಯರಾದ ಮೇಲೆ ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಅಲ್ಲಿ ಪ್ರಯೋಗಾಲಯವಿರಲಿಲ್ಲ. ಪತ್ನಿ ಎಮ್ಮಿ ಕೊಡಿಸಿದ ಸೂಕ್ಷ್ಮದರ್ಶಕವನ್ನು ಮನೆಯಲ್ಲೇ ಇಟ್ಟುಕೊಂಡು, ರೋಗಿಗಳನ್ನು ನೋಡಿ ಉಳಿದ ವೇಳೆಯಲ್ಲಿ ದನಕುರಿಗಳ ನೆರಡಿ ರೋಗವನ್ನು ಪರೀಕ್ಷಿಸಿದರು. 1876ರಲ್ಲಿ ಅದರ ರೋಗಾಣುವಿನ ಜೀವನಕ್ರಮವನ್ನು ತೋರಿಸಿಕೊಟ್ಟರು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ಪ್ರಕಟಿಸಿದರು. ಅದಕ್ಕೇ ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ಕಾಲರಾ ಬೆನ್ನಟ್ಟಿ ಕಲ್ಕತ್ತೆಗೂ ಬಂದಿದ್ದರು. 1905ರಲ್ಲಿ ನೊಬೆಲ್ ಬಂತು.

ಈಗ ತಪ್ಪಿನ ವಿಷಯ. ಕ್ಷಯ ದನಗಳಿಗೂ ಬರುತ್ತದೆ. ಮನುಷ್ಯನ ರೋಗಾಣುವೂ ದನದ ರೋಗಾಣುವೂ ಒಂದೇ ಎಂದು ಕಾಕ್ ಮೊದಲು ತಿಳಿದಿದ್ದರು. 1898ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಅವೆರಡೂ ಬೇರೆ ಎಂದು ತೋರಿಸಿದರು. ಕಾಕ್ ಅದನ್ನು ಒಪ್ಪಿದರು, ಆದರೆ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟರು. 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ, ದನದ ಕ್ಷಯ ಮನುಷ್ಯನಿಗೆ ತಗಲುವುದು ಬಹಳ ಅಪರೂಪ, ಹಾಲಿನ ಬಗ್ಗೆ ವಿಶೇಷ ಕ್ರಮ ಬೇಕಿಲ್ಲ ಎಂದರು. ಅಷ್ಟು ದೊಡ್ಡವರ ಮಾತು! ಬ್ರಿಟನ್ ಮಾತ್ರ ಸುಮ್ಮನೆ ನಂಬದೆ ಆಯೋಗವೊಂದನ್ನು ನೇಮಿಸಿತು. ದನದ ರೋಗಾಣು ಹಾಲಿನ ಮೂಲಕ ಮಕ್ಕಳಿಗೆ ತಗಲುತ್ತದೆ ಎಂದು ಅದರ 1911ರ ಅಂತಿಮ ವರದಿ ಖಚಿತಪಡಿಸಿತು. ಕಾಕ್ ಹಿಂದಿನ ವರ್ಷ, 1910ರ ಮೇ 27ರಂದೇ ತೀರಿಕೊಂಡಿದ್ದರು. ಹಾಲು ಕಾಯಿಸಿಯೇ ಕೊಡುವ ನಮ್ಮ ತಾಯಂದಿರು ಯಾವ ಆಯೋಗಕ್ಕೂ ಕಾಯಲಿಲ್ಲ, ಅದು ಬೇರೆ ಮಾತು.

ಸೂಕ್ಷ್ಮದರ್ಶಕದಲ್ಲಿ ಇವೆರಡೂ ಒಂದೇ ಥರದ ಕಡ್ಡಿಗಳು. ನನ್ನ ತರಗತಿಯ ಅವಳಿ ಹುಡುಗರನ್ನು ನಾನು ಬರವಣಿಗೆಯಿಂದ ಗುರುತಿಸುವಂತೆ, ಇವನ್ನೂ ನಡತೆಯಿಂದಲೇ ಗುರುತಿಸಬೇಕು. ಮನುಷ್ಯನ ರೋಗಾಣು ಬೆಳೆಯುವಾಗ ನಯಾಸಿನ್ ಎಂಬ ವಸ್ತುವನ್ನು ಹೊರಗೆ ಬಿಡುತ್ತದೆ. ಅದಕ್ಕೆ ರಾಸಾಯನಿಕ ಬೆರೆಸಿದರೆ ಹಳದಿ ಬಣ್ಣ ಬರುತ್ತದೆ. ದನದ ರೋಗಾಣು ಬೋವಿಸ್‌ನಲ್ಲಿ ಸಾಮಾನ್ಯವಾಗಿ ಬಣ್ಣ ಬರುವುದಿಲ್ಲ. ಇವುಗಳ ಡಿಎನ್‌ಎ ಶೇ. 99.9ಕ್ಕಿಂತ ಹೆಚ್ಚು ಒಂದೇ. ಆದರೂ ಮನುಷ್ಯನ ರೋಗಾಣುವಿನಲ್ಲಿರುವ ಆರ್‌ಡಿ 9 ಎಂಬ ತುಣುಕು ಬೋವಿಸ್‌ನಲ್ಲಿ ಇಲ್ಲ. ಪಿಸಿಆರ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ಇದು ಹೆಸರಿಡುವ ಆಟವಲ್ಲ. ಬೋವಿಸ್‌ನ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದರಿಂದ, ಕ್ಷಯಕ್ಕೆ ಕೊಡುವ ಪೈರಾಜಿನಮೈಡ್ ಮಾತ್ರೆ ಅದರ ಮೇಲೆ ಕೆಲಸ ಮಾಡುವುದಿಲ್ಲ. ಗುರುತಿಸದಿದ್ದರೆ ರೋಗಿ ಆ ಮಾತ್ರೆಯನ್ನು ವ್ಯರ್ಥವಾಗಿ ನುಂಗುತ್ತಾನೆ.

2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೆಲ್ಲೂರಿನ ಆಸ್ಪತ್ರೆಯ ರೋಗಿಗಳ ರೋಗಾಣುಗಳನ್ನು ಹೀಗೆ ಪರೀಕ್ಷಿಸಿದರು. ಬೋವಿಸ್ ಸಿಗಬಹುದೆಂದು ಹುಡುಕಿದರೆ, ಕೆಲವರಲ್ಲಿ ಅದೇ ಬಳಗದ ಒರಿಜಿಸ್ ಎಂಬ ಮತ್ತೊಂದು ರೋಗಾಣು ಸಿಕ್ಕಿತು. ಅದರಲ್ಲೂ ಆರ್‌ಡಿ 9 ಇಲ್ಲ. ಆ ಒಂದೇ ತುಣುಕನ್ನು ನೋಡಿದ್ದರೆ ಅದನ್ನು ಬೋವಿಸ್ ಎಂದೇ ಬರೆದುಕೊಳ್ಳುತ್ತಿದ್ದರು.