ಫ್ರಾಂಕ್ಲಿನ್ನರ ಪೂರ್ವಜರ ಭೂಮಿ

ಬೆಂಜಮಿನ್ ಫ್ರಾಂಕ್ಲಿನ್ನರು (1706–1790) ಅಮೆರಿಕದ ಬಾಸ್ಟನ್ನಿನಲ್ಲಿ ಮೋಂಬತ್ತಿ, ಸಾಬೂನು ತಯಾರಿಸುವವರ ಮನೆಯಲ್ಲಿ ಜನಿಸಿದರು. ಮುದ್ರಕರಾಗಿ, ವಿಜ್ಞಾನಿಯಾಗಿ ಹೆಸರಾದ ಮೇಲೆ 1758ರಲ್ಲಿ ಮಗ ವಿಲಿಯಂನೊಡನೆ ಪೂರ್ವಜರನ್ನರಸಿ ಇಂಗ್ಲೆಂಡಿನ ಎಕ್ಟನ್ ಗ್ರಾಮಕ್ಕೆ ಹೋದರು. ಕಮ್ಮಾರಿಕೆಯೊಡನೆ ಮನೆತನವು ಸುಮಾರು 300 ವರ್ಷ ಉಳಿಸಿಕೊಂಡಿದ್ದ 30 ಎಕರೆ ಅಷ್ಟರಲ್ಲೇ ಪರರ ಪಾಲಾಗಿತ್ತು. ಶಿಥಿಲವಾದ ಕಲ್ಲುಮನೆಯಲ್ಲಿ ಶಾಲೆಯೊಂದು ನಡೆಯುತ್ತಿತ್ತೆಂಬುದು ನಮ್ಮ ವಾಚಕರಿಗೆ ಹಿತವೆನಿಸೀತು. ಪಾಚಿಗಟ್ಟಿದ ಸಮಾಧಿಶಿಲೆಗಳನ್ನು ಗುಲಾಮ ಪೀಟರ್ ಉಜ್ಜಿ ತೊಳೆದನು; ಅವನ ಪೂರ್ವಜರ ಊರಾವುದೋ! ಮೂಡಿದ ಅಕ್ಷರಗಳನ್ನು ವಿಲಿಯಂ ಬರೆದುಕೊಂಡನು. 1771ರಲ್ಲಿ ತಂದೆ ಆತ್ಮಕಥೆಯನ್ನು ಆರಂಭಿಸಿದ್ದು ಈ ಮಗನಿಗೆ ಬರೆದ ಪತ್ರದ ರೂಪದಲ್ಲಿ.

1776ರಲ್ಲಿ ತಂದೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರು; ನ್ಯೂಜೆರ್ಸಿಯ ಗವರ್ನರನಾಗಿದ್ದ ಮಗ ಆಂಗ್ಲ ದೊರೆಯ ಪಕ್ಷವನ್ನು ಬಿಡಲಿಲ್ಲ. ತಂದೆಯ ಮರಣಶಾಸನದಿಂದ ಅವನಿಗೆ ದಕ್ಕಿದ್ದು ದೂರದ ನೋವಾಸ್ಕೋಷಿಯಾದ ಭೂಮಿ, ಮೊದಲೇ ಅವನಲ್ಲಿದ್ದ ಪುಸ್ತಕಗಳು ಮತ್ತು ಹಳೆಯ ಸಾಲದ ಮನ್ನಾ.