ಶಾಲೆಗಳ ಲೆಕ್ಕ ಕೇಳಿದ ಡೆಪ್ಯುಟಿ ಚನ್ನಬಸಪ್ಪನವರು

ಹುದ್ದೆಯ ಹೆಸರೇ ಮನುಷ್ಯನ ಹೆಸರಿಗೆ ಅಂಟಿಕೊಂಡು ನೂರಾರು ವರ್ಷ ಉಳಿದ ಉದಾಹರಣೆಗಳು ನಮ್ಮ ಕಡೆ ಬಹಳ ಇಲ್ಲ. ಡೆಪ್ಯುಟಿ ಚನ್ನಬಸಪ್ಪನವರದು ಅಂಥದೊಂದು ಹೆಸರು. ಡೆಪ್ಯುಟಿ ಎಂದರೆ ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್, ಅಂದರೆ ಜಿಲ್ಲೆಯ ಸರಕಾರಿ ಶಾಲೆಗಳನ್ನು ತಿರುಗಿ ನೋಡಿ ಮೇಲಿನವರಿಗೆ ವರದಿ ಒಪ್ಪಿಸುವ ಅಧಿಕಾರಿ. ನಮ್ಮ ಹಿರಿಯರು ಅದನ್ನೇ ಡಿಪೋಟಿ ಎಂದರು. ಡಿಪೋಟಿ ಸಾಹೇಬರು ಬರುತ್ತಾರೆಂದರೆ ಶಾಲೆಗೆ ಸುಣ್ಣ ಬೀಳುತ್ತಿತ್ತು, ಅಂಗಳಕ್ಕೆ ಸಗಣಿ ಸಾರಣೆ ಆಗುತ್ತಿತ್ತು, ಮಕ್ಕಳು ಒಗೆದ ಅಂಗಿ ತೊಟ್ಟು ಬರುತ್ತಿದ್ದರು. ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ, ಕನ್ನಡ ಶಾಲೆ ಎಂಬುದೇ ಬೇರೂರುವುದಕ್ಕೆ ಮೊದಲು ಈ ನೆಲದಲ್ಲಿ ಓಡಾಡಿದ ಒಬ್ಬ ಡಿಪೋಟಿಯ ಬಾಳನ್ನು ನೆನೆಯುವುದು ಉಚಿತವೆನಿಸಿತು.

ಚನ್ನಬಸಪ್ಪನವರು ಹುಟ್ಟಿದ್ದು 1834ರಲ್ಲಿ. ಆಗ ಧಾರವಾಡ ಜಿಲ್ಲೆಯಲ್ಲಿ ಸರಕಾರದ ವ್ಯವಹಾರ ನಡೆಯುತ್ತಿದ್ದುದು ಹೆಚ್ಚಾಗಿ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ. ಊರಿನ ಕೂಲಿಮಠಗಳಲ್ಲಿ ಅಯ್ಯಗಳು ಉಸುಕಿನ ಮೇಲೆ ಅಕ್ಷರ ತೀಡಿಸುತ್ತಿದ್ದರು, ಕೋಷ್ಟಕ ಬಾಯಿಪಾಠ ಮಾಡಿಸುತ್ತಿದ್ದರು. ಅದರಾಚೆಗೆ ಓದಬೇಕೆಂದರೆ ಮರಾಠಿ ಬರಬೇಕು, ಇಂಗ್ಲಿಷ್ ಬೇಕೆಂದರೆ ಪುಣೆ ಕಡೆ ಮುಖ ಮಾಡಬೇಕು. ಚನ್ನಬಸಪ್ಪನವರು ಪುಣೆಯ ದಾರಿ ಹಿಡಿದರು. ಮನೆಯವರಿಗೆ ಇದು ಒಪ್ಪಿಗೆಯಾಗಿರಲಿಲ್ಲವೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇನ್ನೂ ರೈಲು ಕಾಣದ ಸೀಮೆಯಿಂದ ಪುಣೆಗೆ ಹೋಗುವುದೆಂದರೆ ಇಂದಿನ ಹುಡುಗರು ಪರದೇಶಕ್ಕೆ ಹೋಗುವುದಕ್ಕಿಂತ ದೊಡ್ಡ ಮಾತು. ಅಲ್ಲಿ ಇಂಗ್ಲಿಷ್ ಕಲಿತರು, ಎಂಜಿನಿಯರಿಂಗ್ ಓದಿದರು. ಆ ಓದಿಗೆ ಒಳ್ಳೆಯ ಸಂಬಳದ ಬೇರೆ ನೌಕರಿ ಸಿಗುವುದು ಕಷ್ಟವಿರಲಿಲ್ಲ. ಅದನ್ನು ಬಿಟ್ಟು ಶಿಕ್ಷಣ ಖಾತೆಗೆ ಬಂದರು.

ಈ ಖಾತೆ ಆಗ ಎಳೆಯದು. 1854ರಲ್ಲಿ ವಿಲಾಯತಿಯಿಂದ ವುಡ್ ಸಾಹೇಬರ ಆಜ್ಞಾಪತ್ರ ಬಂದು, ಮರುವರ್ಷ ಮುಂಬಯಿ ಪ್ರಾಂತ್ಯದಲ್ಲಿ ಶಿಕ್ಷಣ ಖಾತೆ ಆರಂಭವಾಗಿತ್ತು. ಧಾರವಾಡದ ನಾರ್ಮಲ್ ಶಾಲೆ, ಅಂದರೆ ಮಾಸ್ತರರನ್ನು ತಯಾರು ಮಾಡುವ ಶಾಲೆ, ಚನ್ನಬಸಪ್ಪನವರ ಕೈಗೆ ಬಂದಿತು. ಅವರಿಗೆ ಕಂಡ ಮೊದಲ ತೊಡಕು ಬಹಳ ಸರಳವಾದದ್ದು. ಕನ್ನಡ ಆಡುವ ಮಕ್ಕಳಿದ್ದಾರೆ, ಆದರೆ ಅವರಿಗೆ ಕನ್ನಡದಲ್ಲಿ ಕಲಿಸುವ ಮಾಸ್ತರರಿಲ್ಲ. ಮಾಸ್ತರರಿಲ್ಲದ್ದರಿಂದ ಶಾಲೆ ಮರಾಠಿಯಲ್ಲಿ ನಡೆಯುತ್ತದೆ, ಶಾಲೆ ಮರಾಠಿಯಲ್ಲಿ ನಡೆಯುವುದರಿಂದ ಒಕ್ಕಲಿಗರ ಮಕ್ಕಳು ಬರುವುದಿಲ್ಲ, ಅವರು ಬರದಿದ್ದರೆ ಮುಂದೆ ಕನ್ನಡ ಮಾಸ್ತರರಾಗುವವರು ಯಾರು? ಈ ಗಂಟನ್ನು ಬಿಡಿಸಲು ಅವರು ಹಳ್ಳಿಹಳ್ಳಿ ತಿರುಗಿ ಹುಡುಗರನ್ನು ಕರೆತಂದರು. ದೂರದಿಂದ ಬಂದ ಬಡ ಹುಡುಗರಿಗೆ ಅವರ ಮನೆಯಲ್ಲಿಯೇ ಊಟ ವಸತಿಯ ವ್ಯವಸ್ಥೆ ಇತ್ತೆಂದು ಧಾರವಾಡದ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಮೇಲಧಿಕಾರಿಯಾಗಿದ್ದ ರಸೆಲ್ ಸಾಹೇಬರು ಕನ್ನಡದ ಪರವಾಗಿ ನಿಂತದ್ದು ಅವರ ಪಾಲಿನ ದೊಡ್ಡ ಬಲ. ಒಬ್ಬ ಇಂಗ್ಲಿಷರಿಗೆ ತಿಳಿದದ್ದು ನಮ್ಮ ಜಿಲ್ಲೆಯ ಅನೇಕ ಓದಿದವರಿಗೇ ಆಗ ತಿಳಿದಿರಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಇರಲಾಗದು.

ಮುಂದೆ ಡೆಪ್ಯುಟಿಯಾದ ಮೇಲೆ ಅವರ ಕೆಲಸದ ಸ್ವರೂಪವೇ ಬೇರೆಯಾಯಿತು. ಆ ಕಾಲದ ತಪಾಸಣೆ ಎಂದರೆ ಬಂದು ಚಹಾ ಕುಡಿದು ಸಹಿ ಮಾಡಿ ಹೋಗುವುದಾಗಿರಲಿಲ್ಲ. ಶಾಲೆಯ ಪ್ರತಿಯೊಬ್ಬ ಹುಡುಗನೂ ಡಿಪೋಟಿಯ ಮುಂದೆ ನಿಲ್ಲಬೇಕು. ಇಯತ್ತೆವಾರು ಓದಿಸಿ, ಬರೆಸಿ, ಲೆಕ್ಕ ಕೇಳಿ ಪಾಸೋ ನಾಪಾಸೋ ತೀರ್ಮಾನಿಸುವುದು ಅವರದೇ ಹೊಣೆ. ಕ್ಯಾಟಲಾಗಿನಲ್ಲಿ ಎಷ್ಟು ಹೆಸರು, ದಿನದ ಸರಾಸರಿ ಹಾಜರಿ ಎಷ್ಟು, ಪರೀಕ್ಷೆಗೆ ನಿಂತವರೆಷ್ಟು, ತೇರ್ಗಡೆಯಾದವರೆಷ್ಟು, ಎಲ್ಲವೂ ಕಾಗದದ ಮೇಲೆ ಬರಬೇಕು. ಶೇರಾ ಬುಕ್ಕಿನಲ್ಲಿ ಮಾಸ್ತರರ ಬಗೆಗೆ ನಾಲ್ಕು ಸಾಲು ಬೀಳಬೇಕು. ಇಂದು ನಾವು ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರಿಗೊಂದು ಸಂಖ್ಯೆ ಕೊಟ್ಟು ಗಣಕಯಂತ್ರದಲ್ಲಿ ತುಂಬುವ ಮಾಹಿತಿಯ ಅಜ್ಜ ಈ ಶೇರಾ ಬುಕ್ಕು.

ಧಾರವಾಡದಿಂದ ನವಲಗುಂದ, ನರಗುಂದ ದಾಟಿ ರೋಣ, ಗಜೇಂದ್ರಗಡದ ಕಡೆಗೆ ಬರಬೇಕೆಂದರೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಗದಗಿಗೆ ರೈಲು ಬಂದದ್ದು ಚನ್ನಬಸಪ್ಪನವರು ತೀರಿಕೊಂಡ ಮೇಲೆ, 1884ರಲ್ಲಿ. ಎರೆಹೊಲದ ಮಳೆಗಾಲದ ರಾಡಿ, ಬೆಣ್ಣಿಹಳ್ಳದ ಸೆಳವು ಎಂಥದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಅಂಥ ದಾರಿಯಲ್ಲಿ ಡಿಪೋಟಿಗಳ ಸವಾರಿ ನಡೆಯುತ್ತಿತ್ತು. ಇನ್ನು ನರಗುಂದವಂತೂ 1858ರ ಬಂಡಾಯದಲ್ಲಿ ಬಾಬಾಸಾಹೇಬರನ್ನು ಕಳೆದುಕೊಂಡು, ಸಂಸ್ಥಾನ ಹೋಗಿ ಸರಕಾರಕ್ಕೆ ಸೇರಿದ ಊರು. ಸರಕಾರವೆಂದರೆ ಗಲ್ಲು, ಜಪ್ತಿ ಎಂದು ಕಂಡ ಜನರಿಗೆ ಸರಕಾರದ ಶಾಲೆಯ ಮೇಲೆ ನಂಬಿಗೆ ಹುಟ್ಟಿಸುವುದು ಸುಲಭದ ಮಾತಾಗಿರಲಾರದು.

ಈ ಲೆಕ್ಕಪತ್ರ ಯಾಕೆ ಬೇಕಾಯಿತು ಎಂಬುದಕ್ಕೂ ಕಾರಣವಿದೆ. 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯ ಹೆಚ್ಚಿನ ಪಟ್ಟಿ ಬಿತ್ತು. ಅದರಲ್ಲಿ ಮೂರನೆಯ ಒಂದು ಪಾಲು ಶಾಲೆಗೆ, ಉಳಿದದ್ದು ರಸ್ತೆ ಮೊದಲಾದವಕ್ಕೆ. ಅಂದರೆ ಶಾಲೆ ನಡೆದದ್ದು ರೋಣದ ಜೋಳದ ಹೊಲದ, ನರಗುಂದದ ಹತ್ತಿಯ ಹೊಲದ ದುಡ್ಡಿನಿಂದ. ಮಗನನ್ನು ಶಾಲೆಗೆ ಕಳಿಸದ ರೈತನೂ ಆಣೆ ಕೊಟ್ಟಿದ್ದಾನೆ. ಆ ಆಣೆಗೆ ಏನು ಬಂತೆಂದು ಕೇಳುವ ಹಕ್ಕು ಅವನಿಗಿತ್ತು. ಕೇಳುವ ಬಾಯಿ ಮಾತ್ರ ಇರಲಿಲ್ಲ, ಅವನ ಪರವಾಗಿ ಕೇಳಬೇಕಾದವರು ಡಿಪೋಟಿಗಳು.

ಆದರೆ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ಹೊಸ ಕಾನೂನು ತಂದು, ಮಗು ಹಾಜರಿದ್ದರೆ ಇಷ್ಟು, ಓದು ಬರಹ ಲೆಕ್ಕದಲ್ಲಿ ಪಾಸಾದರೆ ಇಷ್ಟು ಎಂದು ಶಾಲೆಗೆ ಹಣ ಕೊಡತೊಡಗಿದರು. ಕೆಲವೇ ವರ್ಷಗಳಲ್ಲಿ ಫಲ ನೋಡಿ ಹಣ ಕೊಡುವ ಈ ಪದ್ಧತಿ ಮುಂಬಯಿ ಪ್ರಾಂತ್ಯದ ಸಹಾಯಧನಕ್ಕೂ ಬಂತು. ಇಂಗ್ಲೆಂಡಿನಲ್ಲಿ ಇದನ್ನು ಕಟುವಾಗಿ ಟೀಕಿಸಿದವರಲ್ಲಿ ಕವಿಯೂ ಶಾಲಾ ಇನ್ಸ್‌ಪೆಕ್ಟರರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡರು ಒಬ್ಬರು. ಮಾಸ್ತರರು ಪರೀಕ್ಷೆಯಲ್ಲಿ ಕೇಳುವಷ್ಟನ್ನೇ ಗಿಣಿಪಾಠ ಮಾಡಿಸುತ್ತಾರೆ, ಉಳಿದದ್ದು ಸಾಯುತ್ತದೆ ಎಂಬುದು ಅವರ ದೂರು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಲ್ಲಿಯೂ ಇಲ್ಲಿಯೂ ಈ ಪದ್ಧತಿಯನ್ನು ಕೈಬಿಟ್ಟರು. ಎಸ್‌ಎಸ್‌ಎಲ್‌ಸಿ ಶೇಕಡಾವಾರು ಫಲಿತಾಂಶದ ಸಲುವಾಗಿ ಹಿಂದುಳಿದ ಹುಡುಗನನ್ನು ಪರೀಕ್ಷೆಗೆ ಕೂಡ್ರಿಸುವುದೋ ಬಿಡುವುದೋ ಎಂದು ಚಿಂತಿಸುವ ಇಂದಿನ ಶಿಕ್ಷಕರಿಗೆ ಈ ಕಥೆ ಹಳೆಯದೆನಿಸಲಾರದು. ನೂರಕ್ಕೆ ನೂರು ಬಂದ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟವರೆಷ್ಟು ಎಂದು ಊರವರು ಒಮ್ಮೆ ಕೇಳಿ ನೋಡಬೇಕು.

ಚನ್ನಬಸಪ್ಪನವರು ಬರೀ ಅಂಕಿಯ ಅಧಿಕಾರಿಯಾಗಿರಲಿಲ್ಲ ಎಂಬುದಕ್ಕೆ ಅವರ ಉಳಿದ ಕೆಲಸವೇ ಸಾಕ್ಷಿ. ಶಾಲೆ ಹಿಂದೆ ಬಿದ್ದಿದೆ ಎಂದು ಶೇರಾ ಬರೆದು ಮುಂದಿನ ಊರಿಗೆ ಹೋಗಿಬಿಟ್ಟರೆ ಶಾಲೆ ಸುಧಾರಿಸುವುದಿಲ್ಲ. ಮಾಸ್ತರನಿಗೆ ತರಬೇತಿ ಬೇಕು, ಮಗುವಿಗೆ ಅದರ ಭಾಷೆಯ ಪುಸ್ತಕ ಬೇಕು. ಈ ಎರಡನ್ನೂ ಒದಗಿಸುವ ಕೆಲಸದಲ್ಲಿ ಅವರು ಮುಂದಿದ್ದರು. ಕನ್ನಡದಲ್ಲಿ ಓದಲು ಹೊಸದೇನೂ ಇಲ್ಲವೆಂಬ ಕಾಲದಲ್ಲಿ ಶೇಕ್ಸ್‌ಪಿಯರನ ಕಾಮೆಡಿ ಆಫ್ ಎರರ್ಸ್ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಇದು ಕನ್ನಡಕ್ಕೆ ಬಂದ ಮೊದಲ ಶೇಕ್ಸ್‌ಪಿಯರ್ ಕೃತಿಗಳಲ್ಲಿ ಒಂದು. 1865ರಲ್ಲಿ ಶಿಕ್ಷಕರ ಸಲುವಾಗಿಯೇ ಮಠಪತ್ರಿಕೆ ಆರಂಭವಾಯಿತು. ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ಅದರ ಹಿಂದೆ ದುಡಿದರು. ಎಲ್ಲೋ ಒಂದು ಹಳ್ಳಿಯಲ್ಲಿ ಒಂಟಿಯಾಗಿ ಕಲಿಸುವ ಮಾಸ್ತರನಿಗೆ ಬೇರೆ ಊರಿನ ಮಾಸ್ತರ ಏನು ಮಾಡುತ್ತಿದ್ದಾನೆಂದು ತಿಳಿಯಲು ಆಗ ಇದ್ದ ದಾರಿ ಇದೊಂದೇ. ಆ ಪತ್ರಿಕೆ ಹೆಸರು ಬದಲಿಸುತ್ತ ಜೀವನ ಶಿಕ್ಷಣವಾಗಿ ನಮ್ಮ ಕಾಲದ ಶಿಕ್ಷಕರ ಕೈಗೂ ಬಂದಿದೆ.

ಅವರ ಸೇವೆಯ ಕೊನೆಯ ವರ್ಷಗಳು ಕಷ್ಟದವು. 1876ರಿಂದ 1878ರ ಬರಗಾಲ ನಮ್ಮ ಎರೆನಾಡನ್ನು ಹಿಂಡಿ ಹಾಕಿತು. 1872ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಧಾರವಾಡ ಜಿಲ್ಲೆಯಲ್ಲಿ ಸುಮಾರು ಒಂದು ಲಕ್ಷ ಜನ ಕಡಿಮೆಯಾಗಿದ್ದಾರೆ. ಅಂಥ ವರ್ಷ ಯಾವ ಶಾಲೆಯ ಕ್ಯಾಟಲಾಗು ತುಂಬಿರಲು ಸಾಧ್ಯ? ಹಾಜರಿ ಬಿದ್ದದ್ದಕ್ಕೆ ಮಾಸ್ತರನನ್ನು ಹಿಡಿಯುವುದೋ, ಮಳೆಯನ್ನು ಹಿಡಿಯುವುದೋ? ಕಬ್ಬು ಕಡಿಯಲು, ಇಟ್ಟಂಗಿ ಸುಡಲು, ಗೋವಾ ಕಡೆ ದುಡಿಯಲು ತಂದೆತಾಯಿಯ ಹಿಂದೆ ಮಕ್ಕಳು ಹೋಗಿಬಿಡುವ ಇಂದಿನ ದಿನಗಳಲ್ಲಿಯೂ ಹಾಜರಿ ಪುಸ್ತಕ ಓದುವವರು ಈ ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ.

1881ರ ಜನವರಿ 4ರಂದು ಚನ್ನಬಸಪ್ಪನವರು ತೀರಿಕೊಂಡರು. ವಯಸ್ಸು ಇನ್ನೂ 46. ಮರುವರ್ಷವೇ ಹಂಟರ್ ಆಯೋಗ ದೇಶದ ಶಿಕ್ಷಣದ ವಿಚಾರಣೆಗೆ ಕುಳಿತಿತು. ಅದರ ಮುಂದೆ ಹೇಳಲು ಅವರ ಬಳಿ ಬಹಳ ಇತ್ತು, ಆ ಅವಕಾಶ ಸಿಗಲಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ, ಮುಂದೆ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಂಥವರು ಏಕೀಕರಣಕ್ಕೆ ನಿಂತಾಗ, ಕನ್ನಡ ಶಾಲೆ ಎಂಬ ನೆಲಗಟ್ಟು ಆಗಲೇ ಸಿದ್ಧವಾಗಿತ್ತು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ನೂರು ದಾಟಿದ ಪ್ರಾಥಮಿಕ ಶಾಲೆಗಳು ಕೆಲವಿವೆ. ಅವುಗಳ ಟ್ರಂಕುಗಳಲ್ಲಿ ಹಳೆಯ ದಾಖಲಾತಿ ಪುಸ್ತಕ, ಶೇರಾ ಬುಕ್ಕು, ಮುಲ್ಕಿ ಪರೀಕ್ಷೆಯ ಯಾದಿ ಇನ್ನೂ ಇದ್ದರೆ ಗೆದ್ದಲಿಗೆ ಬಿಡಬೇಡಿರಿ. ನಿಮ್ಮ ಮುತ್ತಜ್ಜ ಯಾವ ಇಯತ್ತೆಗೆ ಶಾಲೆ ಬಿಟ್ಟನೆಂಬುದು ಅದರಲ್ಲಿ ಬರೆದಿರುತ್ತದೆ. ಯಾಕೆ ಬಿಟ್ಟನೆಂಬುದನ್ನು ಮನೆಯ ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆದಿಡಿರಿ.